‘ಸ್ಟಾಕ್ ಇದೆ’ ಅಂದವರಲ್ಲಿ ಯಾರನ್ನು ನಂಬೋದು? ದಾವಣಗೆರೆಯಲ್ಲಿ ಕೊಳ್ಳುವವರಿಗೆ ಒಂದು ಹೋಲಿಕೆ

ಅಕ್ಕನ ಗೃಹಪ್ರವೇಶಕ್ಕೆ ಎಂಟು ದಿನ ಇತ್ತು. ಗ್ರೈಂಡರ್ ಕೊಡೋಣ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ದಾವಣಗೆರೆ ಮನೆ, ವಾರಕ್ಕೆ ಮೂರು ದಿನ ದೋಸೆ. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟು ಅಕ್ಕನಿಗೆ ಒಗ್ಗಲ್ಲ. ಒಂದು ಆ್ಯಪ್‌ನಲ್ಲಿ 2 ಲೀಟರಿನ ಟೇಬಲ್ ಟಾಪ್ ಗ್ರೈಂಡರ್ 4,290 ರೂಪಾಯಿಗೆ ಇತ್ತು. ‘ಸ್ಟಾಕ್ ಇದೆ, ಗುರುವಾರದೊಳಗೆ ತಲುಪುತ್ತದೆ’ ಅಂತ ಹಸಿರು ಅಕ್ಷರದಲ್ಲಿ ಬರೆದಿತ್ತು. ದುಡ್ಡು ಕಟ್ಟಿದೆ. ಬುಧವಾರ ಸಂಜೆ ಏಳೂ ನಲವತ್ತಕ್ಕೆ ಮೆಸೇಜ್ ಬಂತು: ಮಾರಾಟಗಾರರ ಬಳಿ ಇಲ್ಲದ ಕಾರಣ ನಿಮ್ಮ ಆರ್ಡರ್ ರದ್ದಾಗಿದೆ.

ಪೂಜೆ ಇದ್ದದ್ದು ಶುಕ್ರವಾರ ಬೆಳಿಗ್ಗೆ.

ಆಮೇಲೆ ಮರುದಿನ ಮಧ್ಯಾಹ್ನದವರೆಗೆ ನಾನು ಓಡಾಡಿದ ಕಥೆ ಕೇಳಿದವರೆಲ್ಲ ತಮ್ಮದೂ ಒಂದು ಕಥೆ ಹೇಳಿದರು. ಕೊನೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಹಾಗಾದರೆ ಎಲ್ಲಿ ತಗೊಳ್ಳೋದು? ಆ್ಯಪ್‌ನಲ್ಲಾ, ಚೈನ್ ಅಂಗಡಿಯ ಸೈಟ್ ನೋಡಿಕೊಂಡು ಹೋಗೋದಾ, ಊರಿನ ಮಂಡಿಪೇಟೆ ಕಡೆಯ ಅಂಗಡಿಗಳಲ್ಲಿ ವಿಚಾರಿಸೋದಾ, ಇಲ್ಲ ಬೆಂಗಳೂರಲ್ಲಿರೋ ತಮ್ಮನಿಗೆ ಹೇಳೋದಾ?

ಮೊದಲು ಏನನ್ನು ನೋಡಬೇಕು

ಬೆಲೆಯನ್ನು ಎಲ್ಲರೂ ನೋಡುತ್ತಾರೆ, ಅದನ್ನು ಹೇಳಿಕೊಡಬೇಕಿಲ್ಲ. ನಾನು ಈಗ ಬೆಲೆಗಿಂತ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳುತ್ತೇನೆ. ‘ಇದೆ’ ಅಂತ ಹೇಳುತ್ತಿರುವುದು ಯಾರು? ವಸ್ತುವನ್ನು ಕೈಯಲ್ಲಿ ಮುಟ್ಟಬಲ್ಲ ಮನುಷ್ಯನಾ, ನಿನ್ನೆ ರಾತ್ರಿ ಯಾರೋ ಏರಿಸಿಟ್ಟ ಲೆಕ್ಕವಾ? ಇಲ್ಲದಿದ್ದರೆ ಆ ‘ಇಲ್ಲ’ ನನಗೆ ಯಾವಾಗ ಗೊತ್ತಾಗುತ್ತದೆ? ಅಲ್ಲಿಯವರೆಗೆ ನನ್ನ ದುಡ್ಡು ಯಾರ ಹತ್ತಿರ ಇರುತ್ತದೆ? ಬೇಕಾದ ದಿನಕ್ಕೆ ಸಿಗದೇ ಹೋದರೆ ನನಗೆಷ್ಟು ತೊಂದರೆ?

ಇದರಲ್ಲಿ ಎರಡನೆಯದಕ್ಕೇ ನಾನು ಜಾಸ್ತಿ ಬೆಲೆ ಕೊಡೋದು. ಸ್ಟಾಕ್ ಇಲ್ಲದಿರುವುದು ಯಾರ ತಪ್ಪೂ ಅಲ್ಲ, ಯಾವ ಅಂಗಡಿಯಲ್ಲೂ ಎಲ್ಲ ಇರಲ್ಲ. ಆದರೆ ಆರು ದಿನ ಸುಮ್ಮನಿದ್ದು ಏಳನೇ ದಿನ ‘ಇಲ್ಲ’ ಅಂದರೆ ಬೇರೆ ಕಡೆ ಹುಡುಕುವ ದಿನಗಳನ್ನೂ ತಿಂದ ಹಾಗೆ. ಕೊನೆಯ ಪ್ರಶ್ನೆಯ ಉತ್ತರ ವಸ್ತುವಿನ ಮೇಲೆ ಹೋಗುತ್ತದೆ. ಮೊಬೈಲ್ ಕವರ್ ಬರದಿದ್ದರೆ ಆಕಾಶ ಬೀಳಲ್ಲ. ಗೃಹಪ್ರವೇಶದ ಗ್ರೈಂಡರ್ ಶನಿವಾರ ಬಂದರೆ ಅಕ್ಕ ಏನೂ ಅನ್ನಲ್ಲ, ಭಾವನ ಕಡೆಯವರು ಅಂತಾರೆ.

ದೊಡ್ಡ ಆ್ಯಪ್‌ಗಳು

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಥರದವು. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ವಿದೇಶಿ ಬಂಡವಾಳ ಇರುವ ಇಂಥ ಮಾರ್ಕೆಟ್‌ಪ್ಲೇಸ್‌ಗಳು ನಮ್ಮ ದೇಶದ ನಿಯಮದ ಪ್ರಕಾರ ತಮ್ಮದೇ ಸರಕು ಇಟ್ಟುಕೊಂಡು ನಮಗೆ ನೇರವಾಗಿ ಮಾರುವಂತಿಲ್ಲ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಇನ್ನಷ್ಟು ಬಿಗಿ ಮಾಡಿತು, 2019ರ ಫೆಬ್ರವರಿಯಿಂದ ಜಾರಿಗೆ ಬಂತು. ಅಂದರೆ ಆ್ಯಪ್ ಅನ್ನೋದು ಸಂತೆ ಮೈದಾನ ಇದ್ದ ಹಾಗೆ. ಸರಕು ಅಲ್ಲಿ ಕೂತ ವ್ಯಾಪಾರಿಯದು. ಎಷ್ಟಿದೆ ಅನ್ನೋ ಲೆಕ್ಕವೂ ಅವನು ಹೇಳಿದ್ದೇ.

ಆ ವ್ಯಾಪಾರಿ ಕೊಯಮತ್ತೂರಿನಲ್ಲಿ ಇದ್ದಾನೆ ಅಂತಿಟ್ಟುಕೊಳ್ಳಿ. ಅವನ ಹತ್ತಿರ ಮೂರು ಗ್ರೈಂಡರ್ ಇವೆ. ಅದೇ ಮೂರನ್ನು ನಾಲ್ಕು ಆ್ಯಪ್‌ನಲ್ಲಿ ಹಾಕಿರುತ್ತಾನೆ, ಜೊತೆಗೆ ಅಂಗಡಿಯ ಕೌಂಟರಿನಲ್ಲೂ ಮಾರುತ್ತಾನೆ. ಎಲ್ಲ ಕಡೆಯ ಲೆಕ್ಕವನ್ನು ಒಟ್ಟಿಗೆ ಇಳಿಸುವ ಸಾಫ್ಟ್‌ವೇರ್ ಇದ್ದರೆ ಸರಿ. ಇಲ್ಲದಿದ್ದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಎಕ್ಸೆಲ್ ಹಾಳೆ ತಿದ್ದಿ ಏರಿಸಬೇಕು. ಅಷ್ಟರಲ್ಲಿ ಐದು ಜನ ದುಡ್ಡು ಕಟ್ಟಿಯಾಗಿರುತ್ತದೆ. ಮೂವರಿಗೆ ಹೋಗುತ್ತದೆ, ಇಬ್ಬರಿಗೆ ನನಗೆ ಬಂದಂಥ ಮೆಸೇಜ್ ಬರುತ್ತದೆ.

ಎಲ್ಲ ವ್ಯಾಪಾರಿಗಳೂ ಹೀಗಲ್ಲ. ಕೆಲವರು ಸರಕನ್ನು ಆ್ಯಪ್‌ನವರ ಗೋದಾಮಿನಲ್ಲೇ ಇಟ್ಟಿರುತ್ತಾರೆ. ಅಲ್ಲಿ ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲ ಬಾರ್‌ಕೋಡ್ ಸ್ಕ್ಯಾನ್ ಆಗಿಯೇ ಆಗಬೇಕು. ಹಾಗಾಗಿ ಆ ಲೆಕ್ಕ ಹೆಚ್ಚು ಗಟ್ಟಿ. ಅಮೆಜಾನ್‌ನಲ್ಲಿ ‘ಫುಲ್‌ಫಿಲ್ಡ್’ ಅನ್ನೋ ಗುರುತು ಇರುವುದು ಇಂಥವಕ್ಕೆ. ದಿನಾಂಕಕ್ಕೆ ಕಟ್ಟಿಬಿದ್ದ ವಸ್ತುವಾದರೆ ನೂರಿನ್ನೂರು ರೂಪಾಯಿ ಜಾಸ್ತಿಯಾದರೂ ಈ ಗುರುತು ಇರುವುದನ್ನೇ ತಗೊಳ್ಳಿ. ನಾನು ನೋಡಿದ್ದು ಬರೀ ಬೆಲೆಯನ್ನ.

ಇನ್ನೊಂದು ಪಿನ್ ಕೋಡ್. ಮನೆಯಲ್ಲಿ ಕೂತು ಒಮ್ಮೆ ಪರೀಕ್ಷೆ ಮಾಡಿ ನೋಡಿ. ಒಂದೇ ವಸ್ತುವಿಗೆ ಮೊದಲು 560001 ಹಾಕಿ, ಆಮೇಲೆ ನಮ್ಮ 577002 ಹಾಕಿ. ಬೆಂಗಳೂರಿಗೆ ‘ನಾಳೆ’ ಅಂದದ್ದು ನಮಗೆ ನಾಲ್ಕು ದಿನ ಆಗಬಹುದು, ಮಾರಾಟಗಾರನೇ ಬದಲಾಗಬಹುದು, ಬೆಲೆಯೂ ಬದಲಾಗಬಹುದು, ಕೆಲವೊಮ್ಮೆ ‘ಲಭ್ಯವಿಲ್ಲ’ ಅಂತಲೇ ಬರಬಹುದು. ಪಿನ್ ಹಾಕದೆ ಕಾಣುವ ‘ಸ್ಟಾಕ್ ಇದೆ’ ನಮ್ಮ ಊರಿಗೆ ಸಂಬಂಧಪಟ್ಟದ್ದೇ ಅಲ್ಲ. ಹಾಗೆಯೇ ಗೂಗಲ್‌ನಲ್ಲಿ ಹುಡುಕಿದಾಗ ಕೆಳಗೆ ಬರುವ ‘ಇನ್ ಸ್ಟಾಕ್’ ಆ ಪುಟವನ್ನು ಗೂಗಲ್ ಕಳೆದ ಸಲ ಓದಿದಾಗಿನ ಸ್ಥಿತಿ, ಈ ಕ್ಷಣದ್ದಲ್ಲ.

ಕಾರ್ಟ್‌ಗೆ ಹಾಕಿಟ್ಟರೆ ನಮ್ಮದಾಯಿತು ಅಂದುಕೊಳ್ಳುವವರೂ ಇದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಕಾರ್ಟ್‌ನಲ್ಲಿ ಇಟ್ಟದ್ದನ್ನು ಯಾರೂ ನಮಗಾಗಿ ಎತ್ತಿಡಲ್ಲ, ದುಡ್ಡು ಕಟ್ಟಿದ ಮೇಲೆಯೇ ಅದು ನಮ್ಮ ಲೆಕ್ಕಕ್ಕೆ ಬರುವುದು. ದಸರಾ, ದೀಪಾವಳಿ ಸೇಲ್ ಹೊತ್ತಲ್ಲಿ ಓಟಿಪಿ ಹೊಡೆಯುವಷ್ಟರಲ್ಲಿ ಖಾಲಿ ಆಗುವುದು ಇದಕ್ಕೇ.

‘ಕೇವಲ 2 ಉಳಿದಿವೆ’ ಅನ್ನೋ ಕೆಂಪು ಅಕ್ಷರಕ್ಕೆ ಹೆದರಬೇಡಿ. ಎಷ್ಟೋ ಸಲ ಅದು ಆ ಒಬ್ಬ ಮಾರಾಟಗಾರನ ಲೆಕ್ಕ ಮಾತ್ರ. ಕೆಳಗೆ ‘ಇತರ ಮಾರಾಟಗಾರರು’ ಅಂತ ಒತ್ತಿದರೆ ಇನ್ನೂ ಆರು ಜನ ಸಿಗುತ್ತಾರೆ. ಇಲ್ಲದ ಅವಸರವನ್ನು ಹುಟ್ಟಿಸುವುದು ಕಾನೂನಿನ ಪ್ರಕಾರವೂ ತಪ್ಪೇ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿ ಇದೆ. ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ.

ಚೈನ್ ಅಂಗಡಿಯ ಸೈಟ್: ‘ನಿಮ್ಮ ಹತ್ತಿರದ ಶಾಖೆಯಲ್ಲಿ ಲಭ್ಯ’

ಆರ್ಡರ್ ರದ್ದಾದ ರಾತ್ರಿ ನಾನು ಹಿಡಿದ ದಾರಿ ಇದು. ಒಂದು ಚೈನ್ ಅಂಗಡಿಯ ಸೈಟ್‌ನಲ್ಲಿ ಅದೇ ಗ್ರೈಂಡರ್, ದಾವಣಗೆರೆ ಶಾಖೆಯಲ್ಲಿ 1 ಇದೆ ಅಂತ ತೋರಿಸಿತು. ಗುರುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. ಅಲ್ಲಿನ ಹುಡುಗ ಕಂಪ್ಯೂಟರ್ ನೋಡಿದ, ‘ಒಂದ್ ಐತಿ ಸರ್’ ಅಂದ, ಒಳಗೆ ಹೋದ. ಹತ್ತು ನಿಮಿಷ ಬಿಟ್ಟು ಬರಿಗೈಯಲ್ಲಿ ಬಂದ. ಆಮೇಲೆ ಏನೋ ಹೊಳೆದವನ ಹಾಗೆ ನನ್ನ ಹಿಂದಿನ ರ‍್ಯಾಕ್ ಕಡೆ ನೋಡಿದ. ಶೋಕೇಸಿನಲ್ಲಿ ಇಟ್ಟದ್ದೇ ಆ ಒಂದು. ಕಲ್ಲಿನ ಮೇಲೆ ದಾರ ಕಟ್ಟಿ ಬೆಲೆ ಚೀಟಿ ತೂಗು ಹಾಕಿದ್ದರು. ಮುಚ್ಚಳ ತೆಗೆದರೆ ಡ್ರಮ್ಮಿನೊಳಗೆ ಧೂಳು, ಒಂದು ಚಾಕಲೇಟ್ ಕಾಗದ, ರಿಫಿಲ್ ಇಲ್ಲದ ಒಂದು ಪೆನ್ನು.

ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಬಿಲ್ ಆಗದ ವಸ್ತು ಒಂದು ಆ ಅಂಗಡಿಯಲ್ಲಿ ಇತ್ತು, ಅಷ್ಟೇ ಅದಕ್ಕೆ ಗೊತ್ತು. ಪ್ರದರ್ಶನಕ್ಕೆ ಇಟ್ಟದ್ದು, ಒಡೆದು ಮೂಲೆಗೆ ಸೇರಿದ್ದು, ಗಿರಾಕಿ ವಾಪಸ್ ಕೊಟ್ಟು ಇನ್ನೂ ಕಂಪನಿಗೆ ಹೋಗದ್ದು, ಕಳುವಾದದ್ದು, ಇವೆಲ್ಲ ಯಾರಾದರೂ ಕೂತು ಎಣಿಸುವವರೆಗೆ ಪರದೆಯ ಮೇಲೆ ‘ಲಭ್ಯ’ವಾಗಿಯೇ ಇರುತ್ತವೆ. ಆದ್ದರಿಂದ ಇಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ. ಶಾಖೆಯಲ್ಲಿ 5 ಅಂತ ತೋರಿಸಿದರೆ ಧೈರ್ಯವಾಗಿ ಹೋಗಿ. 1 ಅಂತ ತೋರಿಸಿದರೆ ಶಾಖೆಗೆ ಫೋನ್ ಮಾಡಿ, ‘ಸೀಲ್ ಇರೋ ಬಾಕ್ಸಾ, ಡಿಸ್‌ಪ್ಲೇ ಪೀಸಾ’ ಅಂತ ಇದೇ ಮಾತಲ್ಲಿ ಕೇಳಿ.

ಈ ದಾರಿಯ ಒಳ್ಳೆಯದೂ ಇದೆ. ‘ಇಲ್ಲ’ ಅನ್ನೋದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ದುಡ್ಡು ನಮ್ಮ ಜೇಬಲ್ಲೇ ಇರುತ್ತದೆ, ಸರಿಯಾದ ಬಿಲ್ ಸಿಗುತ್ತದೆ. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಥರದ ದೊಡ್ಡ ಸಾಮಾನಿಗೆ ನಾನು ಈಗಲೂ ಈ ದಾರಿಗೇ ಮತ ಹಾಕುತ್ತೇನೆ. ಅಂದಹಾಗೆ ಡಿಸ್‌ಪ್ಲೇ ಪೀಸ್ ಅಂದ ಕೂಡಲೇ ಓಡಬೇಕಿಲ್ಲ. ಸ್ವಂತ ಬಳಕೆಗಾದರೆ, ವಾರಂಟಿ ಬಿಲ್ ದಿನದಿಂದ ಶುರು ಅಂತ ಬರೆಸಿಕೊಂಡು, ಚೌಕಾಸಿ ಮಾಡಿ ತಗೊಂಡವರು ನಮ್ಮಲ್ಲೇ ಇದ್ದಾರೆ. ಉಡುಗೊರೆಗೆ ಮಾತ್ರ ಬೇಡ.

ಊರಿನ ಅಂಗಡಿ ಮತ್ತು ಒಂದು ಫೋನ್

ಅಂಗಡಿ ಮೆಟ್ಟಿಲ ಮೇಲೆ ನಿಂತೇ ಮಂಡಿಪೇಟೆ ಕಡೆಯ ಒಂದು ಪಾತ್ರೆ ಅಂಗಡಿಗೆ ಫೋನ್ ಹಚ್ಚಿದೆ. ಅಪ್ಪನ ಕಾಲದಿಂದ ವ್ಯವಹಾರ.

‘ಅಣ್ಣಾರೆ, ಎರಡು ಲೀಟರಿನ ಗ್ರೈಂಡರ್ ಐತಾ?’

‘ಒಂದ್ನಿಮಿಷ ತಡೀರಿ.’

ಫೋನ್ ಕೆಳಗಿಡದೆ ಹುಡುಗನನ್ನು ಕೂಗಿದರು. ಕಬ್ಬಿಣದ ಏಣಿ ಎಳೆಯುವ ಸದ್ದು ಕೇಳಿತು. ಮೇಲಿಂದ ಹುಡುಗ ಏನೋ ಒದರಿದ.

‘ಒಂದ್ ಐತ್ರೀ, ಕೆಂಪುದು. ಬಿಳೀದು ಬೇಕಂದ್ರ ನಾಳೆ ಬೆಂಗ್ಳೂರ್ ಗಾಡಿಗೆ ಬರ್ತತಿ.’

ನನ್ನ ಮೊದಲ ಎರಡು ಪ್ರಶ್ನೆಗೂ ಎರಡು ನಿಮಿಷದಲ್ಲಿ ಉತ್ತರ ಸಿಕ್ಕಿತು. ಹೇಳಿದವನು ಪೆಟ್ಟಿಗೆಯನ್ನು ಮುಟ್ಟಿ ಹೇಳಿದ. ಬಣ್ಣ ಯಾವುದು, ಇಲ್ಲದ್ದು ಯಾವಾಗ ಬರುತ್ತದೆ ಅನ್ನೋದೂ ಸೇರಿತ್ತು. 4,900 ಹೇಳಿ 4,700ಕ್ಕೆ ಕೊಟ್ಟರು. ಆ್ಯಪ್‌ಗಿಂತ 410 ರೂಪಾಯಿ ಜಾಸ್ತಿ. ಗುರುವಾರ ಮಧ್ಯಾಹ್ನ ಅದು ಆಟೊದಲ್ಲಿ ನಿಟ್ಟುವಳ್ಳಿಯ ಅಕ್ಕನ ಮನೆಗೆ ಹೋಯಿತು.

ಆದರೆ ಊರಿನ ಅಂಗಡಿ ಅಂದರೆ ಎಲ್ಲ ಸರಿ ಅಂತ ನಾನು ಹೇಳಲಾರೆ. ಇಲ್ಲಿನ ಖಾಯಿಲೆ ಬೇರೆ. ಕೇಳಿದ್ದಕ್ಕೆಲ್ಲ ‘ಐತ್ರೀ ಬರ್ರಿ’ ಅನ್ನುವವರಿದ್ದಾರೆ. ಹೋದ ಮೇಲೆ ‘ಅದು ಈಗಷ್ಟೇ ಹೋಯ್ತು, ಇದೂ ಅದರಂಗೇ’ ಅಂತ ಬೇರೆ ಕಂಪನಿಯದನ್ನು ಮುಂದಿಡುತ್ತಾರೆ. ಇದಕ್ಕೆ ಮದ್ದು ವಾಟ್ಸ್ಆ್ಯಪ್. ‘ಬಾಕ್ಸಿನ ಫೋಟೊ ಕಳಿಸಿ, ಲೇಬಲ್ ಕಾಣೋ ಹಂಗೆ’ ಅಂತ ಹೇಳಿ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ತಯಾರಿಸಿದವರ ವಿಳಾಸ ಇರಲೇಬೇಕು ಅನ್ನೋದು ಕಾನೂನು. ಫೋಟೊದಲ್ಲಿ ಅದು ಕಂಡರೆ ವಸ್ತು ನಿಜವಾಗಿ ಇದೆ, ಎಷ್ಟು ಹಳೆಯ ಸ್ಟಾಕ್ ಅನ್ನೋದೂ ಗೊತ್ತಾಗುತ್ತದೆ. ಫೋಟೊ ಬಂದ ಮೇಲೆ ಒಂದು 500 ರೂಪಾಯಿ ಫೋನ್‌ಪೇ ಮಾಡಿ ‘ಎತ್ತಿಡಿ’ ಅನ್ನಿ. ಕಾರ್ಟ್‌ನಲ್ಲಿ ಹಾಕಿದ್ದು ನಮ್ಮದಾಗಲ್ಲ, ಹೆಸರು ಬರೆದು ಎತ್ತಿಟ್ಟದ್ದು ನಮ್ಮದೇ.

ಇನ್ನೊಂದು ತೊಡಕು ಲ್ಯಾಪ್‌ಟಾಪ್, ಮೊಬೈಲ್‌ಗಳಲ್ಲಿ. ‘ಅದೇ ಮಾಡೆಲ್’ ಅನ್ನುತ್ತಾರೆ, ಹೆಸರೂ ಅದೇ ಇರುತ್ತದೆ, ಆದರೆ ಒಳಗೆ 16 ಜಿಬಿ ಬದಲು 8 ಜಿಬಿ ರ‍್ಯಾಮ್. ಮಾಡೆಲ್ ನಂಬರಿನ ಕೊನೆಯ ಮೂರ್ನಾಲ್ಕು ಅಕ್ಷರದಲ್ಲಿ ಎಲ್ಲ ವ್ಯತ್ಯಾಸ ಅಡಗಿರುತ್ತದೆ. ಅದನ್ನು ಬರೆದುಕೊಂಡೇ ಹೋಗಿ, ಪೆಟ್ಟಿಗೆಯ ಮೇಲಿನದರ ಜೊತೆ ಹೊಂದಿಸಿ ನೋಡಿ.

ಉಳಿದ ದಾರಿಗಳು, ಬೇಗ ಬೇಗ

ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳ ಲೆಕ್ಕ ಮಾರ್ಕೆಟ್‌ಪ್ಲೇಸ್‌ಗಿಂತ ಗಟ್ಟಿ. ಸರಕು ಹತ್ತಿರದ ಒಂದೇ ಸಣ್ಣ ಗೋದಾಮಿನಲ್ಲಿ ಇರುತ್ತದೆ, ಆರ್ಡರ್ ಬಂದ ಕೂಡಲೇ ಒಬ್ಬರು ಚೀಲ ಹಿಡಿದು ಎತ್ತಿಕೊಳ್ಳುತ್ತಾರೆ. ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಬಡಾವಣೆಗೆ ಬರುತ್ತಾರಾ ಅಂತ ಆ್ಯಪ್‌ನಲ್ಲೇ ವಿಳಾಸ ಹಾಕಿ ನೋಡಿ. ದಿನಸಿಗೆ, ಚಾರ್ಜರ್ ವೈರಿಗೆ ಚೆನ್ನ. ನಿಂಬೆಹಣ್ಣು, ಕೊತ್ತಂಬರಿಗೆ ಬೀದಿ ಕೊನೆಯ ಅಂಗಡಿ ಸಾಕು ಬಿಡಿ.

ಬೆಂಗಳೂರಿನ ವಿಳಾಸಕ್ಕೆ ತರಿಸಿ ಊರಿಗೆ ಬರುವವರ ಕೈಲಿ ಕಳಿಸುವುದು ನಮ್ಮೂರ ಹಳೆಯ ಉಪಾಯ. 260 ಕಿಲೋಮೀಟರು, ವಾರಕ್ಕೊಬ್ಬರಾದರೂ ಬರುತ್ತಾರೆ. ಪುಸ್ತಕ, ಹೆಡ್‌ಫೋನ್, ಔಷಧಿ ಅಲ್ಲದ ಸಣ್ಣ ಸಾಮಾನು, 577002ಕ್ಕೆ ‘ಲಭ್ಯವಿಲ್ಲ’ ಅಂದದ್ದು, ಇವಕ್ಕೆ ಇದೇ ಸರಿ. ಯಾರೂ ಬರುವವರಿಲ್ಲದಿದ್ದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊ ಇದೆ. ಆದರೆ ವಸ್ತು ಕೆಟ್ಟಿದ್ದರೆ ವಾಪಸ್ ಕೊಡುವ ಅವಧಿ ಅಲ್ಲಿ ಕೈಗೆ ಸಿಕ್ಕ ದಿನದಿಂದ ಓಡಲು ಶುರು. ತಮ್ಮ ಹದಿನೈದು ದಿನ ಬಿಟ್ಟು ಬಂದರೆ ಆ ಅವಕಾಶ ಮುಗಿದಿರುತ್ತದೆ. ಅಲ್ಲೇ ಪೆಟ್ಟಿಗೆ ಬಿಚ್ಚಿ ನೋಡಲು ಹೇಳಿ. ಕಂಪನಿಯವರೇ ಬಂದು ಜೋಡಿಸಬೇಕಾದ ಸಾಮಾನನ್ನು ಮಾತ್ರ ಹೀಗೆ ತರಿಸಬೇಡಿ.

ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುವ ಪೇಜ್‌ಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದೇ ಸೀರೆ ಇರುವುದು ಜಾಸ್ತಿ. ‘ಇದೆಯಾ’ ಅಂತ ಕೇಳಿ, ಆ ಸೀರೆಯನ್ನೇ ಕೈಯಲ್ಲಿ ಹಿಡಿದ ವಿಡಿಯೊ ತರಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ದುಡ್ಡು ಸಿಕ್ಕಿಬಿದ್ದರೆ

ರದ್ದಾದ ಆರ್ಡರ್‌ನ ಹಣ ವಾಪಸ್ ಬರುವಾಗ ಆ್ಯಪ್‌ನ ವ್ಯಾಲೆಟ್‌ಗೆ ಬೇಕಾ, ಕಟ್ಟಿದ ಖಾತೆಗೆ ಬೇಕಾ ಅಂತ ಕೇಳಿದರೆ ಖಾತೆಯನ್ನೇ ಒತ್ತಿ. ವ್ಯಾಲೆಟ್‌ಗೆ ಬಂದ ದುಡ್ಡನ್ನು ಮಂಡಿಪೇಟೆಯಲ್ಲಿ ಕೊಡಲು ಆಗಲ್ಲ. ದುಡ್ಡು ಕಟ್ ಆಗಿ ಆರ್ಡರ್ ಆಗಲೇ ಇಲ್ಲ ಅನ್ನೋದು ಬೇರೆ ಕಥೆ. ಯುಪಿಐನಲ್ಲಿ ಹಾಗಾದರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ.

2020ರ ಇ-ಕಾಮರ್ಸ್ ನಿಯಮಗಳಲ್ಲಿ ನಮಗೆ ಬೇಕಾದ ಎರಡು ಮಾತಿವೆ. ತಾವು ರದ್ದು ಮಾಡಿದಾಗ ದಂಡ ಕಟ್ಟದ ಕಂಪನಿ ನಾವು ರದ್ದು ಮಾಡಿದಾಗ ನಮ್ಮಿಂದ ದಂಡ ವಸೂಲಿ ಮಾಡುವಂತಿಲ್ಲ. ದೂರು ಕೊಟ್ಟರೆ 48 ಗಂಟೆಯಲ್ಲಿ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗಲೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ವ್ಯಾಪಾರಿ ಎಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಗ್ರೈಂಡರಿಗಾಗಿ ನಾನಂತೂ ಅಷ್ಟು ದೂರ ಹೋಗಲಿಲ್ಲ, ನಾಲ್ಕನೇ ದಿನ ದುಡ್ಡು ಬಂತು. ಆದರೂ ‘ಸ್ಟಾಕ್ ಇದೆ’ ಅಂತ ತೋರಿಸಿದ ಪುಟದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ. ರದ್ದಾದ ಮೇಲೆ ಆ ಪುಟ ಹಾಗೇ ಇರಲ್ಲ.

ಈಗ ನಿಮ್ಮ ವಿಷಯ

ಸಾವಿರದೊಳಗಿನ ಸಾಮಾನು, ಅವಸರ ಇಲ್ಲ. ಎಲ್ಲಿ ಕಡಿಮೆಯೋ ಅಲ್ಲಿ ಹಾಕಿ, ಕ್ಯಾಶ್ ಆನ್ ಡೆಲಿವರಿ ಇಡಿ, ಮರೆತುಬಿಡಿ.

ಮದುವೆ, ನಾಮಕರಣ, ಗೃಹಪ್ರವೇಶ ಅಂದರೆ ದಿನಾಂಕ ನಮ್ಮ ಕೈಲಿಲ್ಲ. ಹತ್ತು ದಿನಕ್ಕಿಂತ ಜಾಸ್ತಿ ಇದ್ದರೆ ಆ್ಯಪ್‌ನಲ್ಲಿ ನೋಡಿ, ಆದರೆ ಐದು ದಿನ ಮುಂಚೆ ಪಾರ್ಸೆಲ್ ಹೊರಟಿದೆಯಾ ಅಂತ ತಪ್ಪದೆ ಪರೀಕ್ಷಿಸಿ. ‘ಆರ್ಡರ್ ಸ್ವೀಕರಿಸಲಾಗಿದೆ’ ಅಂತಲೇ ನಿಂತಿದ್ದರೆ ವ್ಯಾಪಾರಿ ಇನ್ನೂ ಅದನ್ನು ಕೈಗೆತ್ತಿಕೊಂಡಿಲ್ಲ, ರದ್ದು ಮಾಡಿ ಊರಲ್ಲೇ ತಗೊಳ್ಳಿ. ನನಗೆ ಅದು ನಾಲ್ಕು ದಿನ ಹಾಗೇ ತೋರಿಸುತ್ತಿತ್ತು, ನಾನು ಸುಮ್ನೆ ನೋಡುತ್ತಾ ಕೂತಿದ್ದೆ. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ನೇರ ಊರಿನ ಅಂಗಡಿ. ನಾನೂರು ಐನೂರು ಜಾಸ್ತಿ ಹೋಗುತ್ತದೆ, ಹೋಗಲಿ.

ಇಂಜಿನಿಯರಿಂಗ್ ಸೇರಿದ ಮಗಳಿಗೆ ಲ್ಯಾಪ್‌ಟಾಪ್, ಬಜೆಟ್ ಬಿಗಿ. ಆ್ಯಪ್‌ನಲ್ಲಿ ಸೇಲ್ ಮತ್ತು ಬ್ಯಾಂಕ್ ಆಫರ್ ಸೇರಿದರೆ ಸಾವಿರಗಟ್ಟಲೆ ಉಳಿಯುತ್ತದೆ, ಊರಿನ ಅಂಗಡಿಯವರು ಅಷ್ಟು ಇಳಿಯಲ್ಲ. ಮೇಲೆ ಹೇಳಿದ ‘ಫುಲ್‌ಫಿಲ್ಡ್’ ಥರದ ಗೋದಾಮಿನ ಗುರುತು ಇರುವುದನ್ನೇ ಆರಿಸಿ. ಇಎಂಐ ಹಾಕಿದರೆ ಆರ್ಡರ್ ರದ್ದಾದಾಗ ಪ್ರೊಸೆಸಿಂಗ್ ಫೀ ವಾಪಸ್ ಬರುತ್ತದಾ ಅಂತ ಬ್ಯಾಂಕನ್ನು ಮೊದಲೇ ಕೇಳಿ. ಕಾಲೇಜು ಶುರುವಾಗುವ ವಾರದಲ್ಲಿ ಈ ಆಟ ಬೇಡ, ಒಂದು ತಿಂಗಳು ಮುಂಚೆ ಆಡಿ.

ಏಪ್ರಿಲ್ ಬಿಸಿಲಲ್ಲಿ ಕೂಲರ್ ಕೆಟ್ಟರೆ ಯೋಚನೆ ಮಾಡಬೇಡಿ. ಎರಡು ಅಂಗಡಿಗೆ ಫೋನ್, ಒಂದು ಫೋಟೊ, ಒಂದು ಆಟೊ.

ಉಳಿದದ್ದು ಬಿಡಿಭಾಗ. ಕುಕ್ಕರಿನ ಗ್ಯಾಸ್ಕೆಟ್, ಮಿಕ್ಸಿ ಜಾರಿನ ಬ್ಲೇಡು, ಗ್ರೈಂಡರಿನ ಬೆಲ್ಟು. ಇವು ಆ್ಯಪ್‌ನಲ್ಲಿ ‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ’ ಅಂತ ಇರುತ್ತವೆ, ಸ್ಟಾಕೂ ಇರುತ್ತದೆ, ಬಂದ ಮೇಲೆ ಒಂದು ನೂಲಿನಷ್ಟು ದೊಡ್ಡದಾಗುತ್ತವೆ. ಫೋನಲ್ಲಿ ಕೇಳಿದರೂ ಪ್ರಯೋಜನ ಇಲ್ಲ, ಅಂಗಡಿಯವರಿಗೂ ಮಾತಲ್ಲಿ ಹೇಳಿದರೆ ಗೊತ್ತಾಗಲ್ಲ. ಹಳೆಯದನ್ನು ತೊಳೆದು, ಒರೆಸಿ, ಜೇಬಲ್ಲಿ ಹಾಕಿಕೊಂಡು ಹೋಗಿ. ಕೌಂಟರಿನ ಮೇಲೆ ಹೊಸದರ ಮೇಲೆ ಹಳೆಯದನ್ನು ಇಟ್ಟು ನೋಡಿಯೇ ದುಡ್ಡು ಕೊಡಿ.